ಬೋನ್ ಮ್ಯಾರೋ ವಾರ್ಡಿನಲ್ಲಿ ‘ಧೈರ್ಯವಾಗಿರು’ ಅಂದರೆ ಸಾಲದು

ಬೋನ್ ಮ್ಯಾರೋ (ಮೂಳೆಯೊಳಗೆ ರಕ್ತ ತಯಾರಾಗುವ ಮಜ್ಜೆ) ಕಸಿಯ ವಾರ್ಡಿಗೆ ಬಂದವರೆಲ್ಲ ಒಂದೇ ಮಾತು ಹೇಳಿ ಹೋಗುತ್ತಾರೆ. ಗಾಜಿನಾಚೆ ನಿಂತ ಸೋದರಮಾವ ‘ಧೈರ್ಯವಾಗಿರು’ ಅನ್ನುತ್ತಾರೆ, ಊರಿಂದ ಫೋನ್ ಮಾಡಿದ ಚಿಕ್ಕಮ್ಮ ಅದನ್ನೇ ಅನ್ನುತ್ತಾರೆ, ರೌಂಡ್ಸ್ ಮುಗಿಸಿ ಹೊರಡುವ ಡಾಕ್ಟರೂ ಅದನ್ನೇ ಹೇಳಿ ಬಾಗಿಲೆಳೆದುಕೊಳ್ಳುತ್ತಾರೆ. ಹಾಸಿಗೆಯಲ್ಲಿರುವವರು ತಲೆಯಾಡಿಸುತ್ತಾರೆ. ಹಾಗೆ ತಲೆಯಾಡಿಸಿದ ಮೇಲೆ, ಮೂರು ರಾತ್ರಿಯಿಂದ ನಿದ್ದೆಯಿಲ್ಲ ಅಂತಲೋ, ಕತ್ತಲಾದರೆ ಗೋಡೆ ಮೇಲೆ ಏನೋ ಹರಿದಾಡುತ್ತದೆ ಅಂತಲೋ, ಹೆಂಡತಿ ಯಾರ ಹತ್ತಿರ ಸಾಲ ಮಾಡಿದ್ದಾಳೆ ಎಂಬ ಯೋಚನೆ ಬಿಡುತ್ತಿಲ್ಲ ಅಂತಲೋ ಹೇಳಿಕೊಳ್ಳುವುದು ಹೇಗೆ? ಹೇಳಿದರೆ ಧೈರ್ಯ ಸಾಲಲಿಲ್ಲ ಎಂದಾಗುತ್ತದೆ. ಅದಕ್ಕೇ ಸುಮ್ಮನಿರುತ್ತಾರೆ.

ಹಾಗೆ ಹೇಳುವವರ ಪ್ರೀತಿಯ ಬಗ್ಗೆ ತಕರಾರಿಲ್ಲ. ಅಷ್ಟಕ್ಕೇ ಮನಸ್ಸಿನ ಆರೈಕೆ ಮುಗಿಯಿತು ಎಂದುಕೊಳ್ಳುವುದರ ಬಗ್ಗೆ ತಕರಾರಿದೆ. ಮೂರು ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಒಂದೇ ಕೋಣೆಯಲ್ಲಿ ಕಳೆಯುವವರ ಸಂಕಟಕ್ಕೆ ಬಹುಮಟ್ಟಿಗೆ ಹುಡುಕಿದರೆ ಸಿಗುವ ಕಾರಣಗಳಿರುತ್ತವೆ. ಒಂದು ಔಷಧಿ, ಕೆಟ್ಟ ನಿದ್ದೆ, ಯಾರೂ ಮೊದಲೇ ತಿಳಿಸದ ಒಂದು ಸಂಗತಿ, ತೀರಿಸಲಾಗದ ಒಂದು ಸಾಲ. ಬೆಳಗಿನ ಜಾವ ಬ್ಲಡ್ ಸ್ಯಾಂಪಲ್ ತೆಗೆಯುವುದಕ್ಕೆ ಸಮಯ ಗೊತ್ತಿದೆ, ಅದನ್ನು ಮಾಡುವವರ ಹೆಸರೂ ಗೊತ್ತಿದೆ. ಮನಸ್ಸನ್ನು ವಿಚಾರಿಸುವುದಕ್ಕೂ ಹಾಗೆಯೇ ಒಂದು ಸಮಯ, ಒಂದು ಹೆಸರು ಇರಬೇಕು. ಬಾಸ್ಟನ್‌ನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಕಸಿಗೆ ಸೇರಿದ್ದ 160 ಜನರ ಮೇಲೆ ನಡೆದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಅದರಲ್ಲಿ ಅರ್ಧದಷ್ಟು ಜನರನ್ನು ಪ್ಯಾಲಿಯೇಟಿವ್ ಆರೈಕೆಯ, ಅಂದರೆ ನೋವು ಸಂಕಟ ಇಳಿಸುವ, ತಂಡ ವಾರಕ್ಕೆ ಕನಿಷ್ಠ ಎರಡು ಸಲ ನೋಡಿತು. ನೋವು, ವಾಂತಿ, ನಿದ್ದೆ, ಭಯ ಎಲ್ಲವನ್ನೂ ಕೇಳಿತು. ಎರಡು ವಾರದ ಹೊತ್ತಿಗೆ ಅವರಲ್ಲಿ ಆತಂಕವೂ ಖಿನ್ನತೆಯೂ ಕಡಿಮೆ ಇದ್ದವು. ಮೂರು ತಿಂಗಳಾದ ಮೇಲೂ ಖಿನ್ನತೆ ಮತ್ತು ಮಾನಸಿಕ ಆಘಾತದ ಲಕ್ಷಣಗಳು ಉಳಿದವರಿಗಿಂತ ಕಡಿಮೆಯೇ ಇದ್ದವು. ಆ ತಂಡ ಬಂದರೆ ಕೊನೆಗಾಲ ಬಂತು ಎಂದು ನಮ್ಮ ಮನೆಗಳಲ್ಲಿ ಗಾಬರಿಯಾಗುತ್ತಾರೆ. ಅದಕ್ಕೆ ಅವರು ಮೊದಲ ದಿನವೇ, ರೋಗಿ ಗಟ್ಟಿಯಾಗಿರುವಾಗಲೇ ಬಂದು ‘ನೋವು, ನಿದ್ದೆ ನೋಡಿಕೊಳ್ಳುವವರು ನಾವು’ ಎಂದು ಪರಿಚಯ ಮಾಡಿಕೊಳ್ಳುವುದು ಒಳ್ಳೆಯದು.

ಅಡ್ಮಿಟ್ ಆಗುವ ಮುಂಚೆ ಕೇಳಬೇಕಾದದ್ದು

ಈ ಕೆಲಸ ಶುರುವಾಗಬೇಕಾದ್ದು ಅಡ್ಮಿಷನ್‌ಗೆ ಎರಡು ಮೂರು ವಾರ ಮುಂಚೆ. ಮೊದಲು ರೋಗಿಯೊಬ್ಬರೊಡನೆ, ಆಮೇಲೆ ಮನೆಯವರ ಜೊತೆ. ಈ ಕ್ರಮ ತಪ್ಪಬಾರದು. ಮಾವನ ಎದುರು ಯಾವ ಅಳಿಯನೂ ದಿನಾ ಕುಡಿಯುತ್ತೇನೆ ಎಂದು ಒಪ್ಪುವುದಿಲ್ಲ. ದಿನಾ ಕುಡಿಯುವವರು ಅಡ್ಮಿಟ್ ಆಗಿ ಒಮ್ಮೆಲೇ ನಿಲ್ಲಿಸಿದರೆ ಎರಡು ಮೂರನೇ ದಿನಕ್ಕೆ ಕೈ ನಡುಕ, ಬೆವರು, ಬಡಬಡಿಕೆ ಶುರುವಾಗುತ್ತದೆ. ಅದೇ ಹೊತ್ತಿಗೆ ಕಸಿಗೆ ಮುಂಚಿನ ಕೀಮೋ ಹರಿಯುತ್ತಿರುತ್ತದೆ, ಯಾವುದಕ್ಕೆ ಏನು ಕಾರಣ ಎಂದು ತಿಳಿಯದೆ ಎಲ್ಲರೂ ಕಂಗಾಲಾಗುತ್ತಾರೆ. ಮೊದಲೇ ಗೊತ್ತಿದ್ದರೆ ಅದನ್ನು ತಡೆಯಲು ಔಷಧಿ ಇದೆ.

ಮಾನಸಿಕ ಕಾಯಿಲೆಯ ಮಾತ್ರೆಗಳದ್ದೂ ಇದೇ ಕಥೆ. ಎಸ್ಸಿಟಲೋಪ್ರಾಮ್ ತೆಗೆದುಕೊಳ್ಳುತ್ತಿದ್ದವರು, ಹೇಳಿದರೆ ಕಸಿಗೆ ಅನರ್ಹ ಅಂದುಬಿಡುತ್ತಾರೆ ಎಂಬ ಭಯದಿಂದ ತಾವೇ ನಿಲ್ಲಿಸಿ ಬರುತ್ತಾರೆ. ಒಮ್ಮೆಲೇ ಬಿಟ್ಟದ್ದಕ್ಕೆ ತಲೆಸುತ್ತು, ನಿದ್ದೆಗೇಡು, ಚಡಪಡಿಕೆ. ಇನ್ನು ಕೆಲವರು ಬ್ಯಾಗಿನಲ್ಲಿಟ್ಟುಕೊಂಡು ಯಾರಿಗೂ ತಿಳಿಯದಂತೆ ನುಂಗುತ್ತಾರೆ, ಅದು ಇನ್ನೂ ಅಪಾಯ. ಕಸಿಯ ವೇಳೆ ಸೋಂಕಿಗೆ ಲಿನೆಜೋಲಿಡ್ ಎಂಬ ಆಂಟಿಬಯಾಟಿಕ್ ಕೊಡಬೇಕಾಗಿ ಬರಬಹುದು. ಎಸ್ಸಿಟಲೋಪ್ರಾಮಿನಂಥ ಮಾತ್ರೆಯ ಜೊತೆ ಅದು ಸೇರಿದರೆ ಸೆರೊಟೋನಿನ್ ಎಂಬ ಮೆದುಳಿನ ರಾಸಾಯನಿಕ ಅತಿಯಾಗಿ ಜ್ವರ, ನಡುಕ, ಗೊಂದಲ ಬರಬಹುದು. ಅದೇ ಬಗೆಯ ಫ್ಲುವೊಕ್ಸಮಿನ್ ಇದ್ದರೆ, ಕಸಿಯವರಿಗೆ ರೋಗನಿರೋಧಕ ಶಕ್ತಿ ಕುಗ್ಗಿಸಲು ಕೊಡುವ ಟ್ಯಾಕ್ರೊಲಿಮಸ್‌ನ ಮಟ್ಟ ರಕ್ತದಲ್ಲಿ ಏರಬಹುದು. ವಾಂತಿಗೆ ಕೊಡುವ ಒಂಡಾನ್ಸೆಟ್ರಾನ್, ಫಂಗಸ್ ತಡೆಗೆ ಕೊಡುವ ಅಜೋಲ್ ಔಷಧಿಗಳು ಇಸಿಜಿಯಲ್ಲಿ ಕ್ಯುಟಿ ಎಂಬ ಅವಧಿಯನ್ನು ಉದ್ದ ಮಾಡುತ್ತವೆ, ಎಸ್ಸಿಟಲೋಪ್ರಾಮ್ ಸಹ; ಅದು ಮಿತಿಮೀರಿದರೆ ಹೃದಯದ ಲಯ ತಪ್ಪಬಹುದು. ಹಾಗಾಗಿ ‘ಯಾವ ಮಾತ್ರೆ ಹೇಳಿದರೂ ಕಸಿ ನಿಲ್ಲುವುದಿಲ್ಲ, ಹೇಳದಿದ್ದರೆ ಮಾತ್ರ ತೊಂದರೆ’ ಎಂದು ಬಾಯಿಬಿಟ್ಟು ಹೇಳಿ, ಆಮೇಲೆ ಕೇಳಬೇಕು. ನಿದ್ದೆಗೆಂದು ತಿನ್ನುವ ಚೂರ್ಣ, ನಾಟಿ ಔಷಧಿ ಎಲ್ಲವೂ ಆ ಪಟ್ಟಿಗೆ ಸೇರಬೇಕು.

ಇನ್ನೊಂದು ಪ್ರಶ್ನೆ ಎಷ್ಟೋ ಕಡೆ ಕೇಳದೆ ಉಳಿಯುತ್ತದೆ. ಬುಸಲ್ಫಾನ್ ಜೊತೆ ಸೈಕ್ಲೊಫಾಸ್ಫಮೈಡ್ ಕೀಮೋ, ಅಥವಾ ಇಡೀ ಮೈಗೆ ಕೊಡುವ ರೇಡಿಯೇಷನ್ ಆದ ಮೇಲೆ ಮಕ್ಕಳಾಗುವ ಸಾಧ್ಯತೆ ತೀರಾ ಕಡಿಮೆ. ವೀರ್ಯ ತೆಗೆದಿಡುವುದು ಒಂದೆರಡು ದಿನದ ಕೆಲಸ. ಅಂಡಾಣು ತೆಗೆದಿಡಲು ಸುಮಾರು ಎರಡು ವಾರದ ಇಂಜೆಕ್ಷನ್ ಬೇಕು. ಹತ್ತೊಂಬತ್ತು ವರ್ಷದ ಹುಡುಗನನ್ನು ಅಪ್ಪನ ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ಕೇಳಿದರೆ ಅವನು ನೆಲ ನೋಡುತ್ತಾನೆ. ಹೊರಗೆ ಕರೆದು, ‘ಮುಂದೆ ಮದುವೆ, ಮಕ್ಕಳು ಅಂತ ಆಸೆ ಇರಬಹುದು. ಈಗ ತೆಗೆದಿಟ್ಟರೆ ಆಗ ಉಪಯೋಗಕ್ಕೆ ಬರುತ್ತೆ, ಬೇಡ ಅಂದ್ರೂ ತಪ್ಪಿಲ್ಲ’ ಎಂದರೆ ಉತ್ತರ ಸಿಗುತ್ತದೆ. ಲ್ಯುಕೇಮಿಯಾದಲ್ಲಿ (ರಕ್ತದ ಕ್ಯಾನ್ಸರ್) ಅನೇಕರಿಗೆ ಈ ಅವಕಾಶ ಮೊದಲ ಕೀಮೋಗೇ ತಪ್ಪಿಹೋಗಿರುತ್ತದೆ. ಆಗಲೂ ಮುಚ್ಚಿಡದೆ ಹೇಳಬೇಕು. ಐದು ವರ್ಷ ಬಿಟ್ಟು, ಮದುವೆ ಮಾತುಕತೆಯ ನಡುವೆ ಗೊತ್ತಾಗುವುದು ಹೆಚ್ಚು ಕ್ರೂರ.

ದುಡ್ಡಿನ ಮಾತೂ ಇಲ್ಲೇ ಆಗಬೇಕು. ಖಾಸಗಿ ಆಸ್ಪತ್ರೆಯಲ್ಲಿ ಅಣ್ಣತಮ್ಮಂದಿರೇ ದಾನಿಯಾದ ಕಸಿಗೂ ಹತ್ತು ಲಕ್ಷ ದಾಟುವುದು ಸಾಮಾನ್ಯ, ಸೋಂಕು ಬಂದರೆ ಅದು ಎಲ್ಲಿಗೆ ನಿಲ್ಲುತ್ತದೆಂದು ಹೇಳಲಾಗದು. ತಲಸ್ಸೀಮಿಯಾ ಎಂಬ ಹುಟ್ಟು ರಕ್ತಕಾಯಿಲೆಯ ಮಕ್ಕಳಿಗೆ 2017ರಿಂದ ಕೋಲ್ ಇಂಡಿಯಾದ ನೆರವಿನ ತಲಸ್ಸೀಮಿಯಾ ಬಾಲ ಸೇವಾ ಯೋಜನೆಯಲ್ಲಿ ಹತ್ತು ಲಕ್ಷದವರೆಗೆ ಸಿಗುತ್ತದೆ. ಉಳಿದವರು ಮುಖ್ಯಮಂತ್ರಿ ಪರಿಹಾರ ನಿಧಿ, ಪ್ರಧಾನಮಂತ್ರಿ ನಿಧಿ, ಟ್ರಸ್ಟುಗಳ ಬಾಗಿಲು ತಟ್ಟುತ್ತಾರೆ. ಆ ಅರ್ಜಿಗಳನ್ನು ಬರೆಯುವವರು, ಪ್ಲೇಟ್‌ಲೆಟ್ ದಾನಿಗಳನ್ನು ಹುಡುಕುವವರು ರೋಗಿಯ ಜೊತೆ ಕೋಣೆಯೊಳಗಿರುವ ಮನೆಯವರು, ಅಂದರೆ ಅಟೆಂಡರ್, ಆಗಿರಬಾರದು. ಅಣ್ಣನ ಮಗನೋ ಪಕ್ಕದ ಮನೆಯ ಹುಡುಗನೋ ಹೊರಗಿನ ಕೆಲಸ ವಹಿಸಿಕೊಳ್ಳಬೇಕು. ಎಸ್‌ಡಿಪಿ (ಒಬ್ಬರೇ ದಾನಿಯಿಂದ ಮಿಷನ್ನಿನಲ್ಲಿ ತೆಗೆಯುವ ಪ್ಲೇಟ್‌ಲೆಟ್) ಕೊಟ್ಟ ದಾನಿ ಮತ್ತೆ ಕೊಡಲು 48 ಗಂಟೆಯಾದರೂ ಬಿಡಬೇಕು, ವಾರಕ್ಕೆ ಎರಡೇ ಸಲ. ಆದ್ದರಿಂದ ಹತ್ತು ಹನ್ನೆರಡು ಜನರ ಹೆಸರು, ಗುಂಪು, ನಂಬರ್ ಅಡ್ಮಿಷನ್‌ಗೆ ಮುಂಚೆಯೇ ಬರೆದಿಟ್ಟಿರಬೇಕು. ರಾತ್ರಿ ಹನ್ನೊಂದಕ್ಕೆ ‘ನಾಳೆ ಪ್ಲೇಟ್‌ಲೆಟ್ ಬೇಕು’ ಎಂಬ ಮಾತು ಕೇಳಿ ತಾಯಿ ರೋಗಿಯ ಮುಂದೆಯೇ ಅಳುತ್ತಾ ಫೋನ್ ತಿರುಗಿಸುವಂತಾಗಬಾರದು.

ಡೇ ಜೀರೋ

ಕಸಿಯ ದಿನವನ್ನು ಡೇ ಜೀರೋ ಅನ್ನುತ್ತಾರೆ. ಮನೆಯವರ ಮನಸ್ಸಿನಲ್ಲಿ ಅದು ದೊಡ್ಡ ಆಪರೇಷನ್ನಿನ ದಿನ. ರಾಯಚೂರಿನ ಕಡೆಯ ತಾಯಿಯೊಬ್ಬರು ಬೆಳಿಗ್ಗೆಯಿಂದ ಉಪವಾಸ ಇರುತ್ತಾರೆ, ಹೊರಗೆ ಕಾರಿಡಾರಿನಲ್ಲಿ ಊರಿನವರು ಏಳೆಂಟು ಜನ ಕೂತಿರುತ್ತಾರೆ. ಮಧ್ಯಾಹ್ನ ನರ್ಸ್ ಒಂದು ಚೀಲ ತರುತ್ತಾರೆ. ನೋಡಲು ಮಾಮೂಲಿ ರಕ್ತದ ಚೀಲ. ಹೆಸರು, ನಂಬರ್ ಎರಡು ಜನ ಓದಿ ತಾಳೆ ನೋಡಿ, ಎದೆಯ ಲೈನಿಗೆ ಜೋಡಿಸುತ್ತಾರೆ. ಒಂದು ಗಂಟೆಯ ಆಸುಪಾಸಿನಲ್ಲಿ ಚೀಲ ಖಾಲಿ. ಬಿಪಿ ನೋಡಿ ನರ್ಸ್ ಹೊರಟರೆ ತಾಯಿ ಕೇಳುತ್ತಾರೆ: ‘ಇಷ್ಟ ಏನ್ರೀ ಸಿಸ್ಟರ್?’

ಇಷ್ಟೇ. ಜೀವಕೋಶಗಳು ತಾವಾಗಿಯೇ ರಕ್ತದಲ್ಲಿ ತೇಲಿ ಮೂಳೆಯೊಳಗಿನ ಜಾಗ ಸೇರಿಕೊಳ್ಳುತ್ತವೆ. ಕತ್ತರಿಸುವುದು, ಹೊಲಿಯುವುದು ಏನೂ ಇಲ್ಲ. ಮೊದಲೇ ಹೇಳದಿದ್ದರೆ ಆ ರಾತ್ರಿ ವಿಚಿತ್ರ ಕುಸಿತ ಬರುತ್ತದೆ. ಇದಕ್ಕಾಗಿ ಇಷ್ಟೆಲ್ಲ ಮಾಡಿದೆವಾ, ನಾಳೆಯಿಂದ ಹುಷಾರಾಗಬೇಕಲ್ಲ ಎಂದು ಕಾಯುತ್ತಾರೆ. ಆದರೆ ನಾಳೆಯಿಂದ ಸ್ಥಿತಿ ಇಳಿಯುತ್ತಾ ಹೋಗುತ್ತದೆ. ಕಸಿಗೆ ಮುಂಚಿನ ವಾರದ ಕೀಮೋದ ಪೂರ್ತಿ ಪರಿಣಾಮ ಕಾಣಿಸುವುದೇ ಆಮೇಲೆ. ಕೂದಲು ಉದುರುತ್ತದೆ, ಬಾಯಿ ಹುಣ್ಣಾಗುತ್ತದೆ, ಬಿಳಿ ರಕ್ತಕಣದ ಕೌಂಟ್ ಸೊನ್ನೆಯ ಹತ್ತಿರ ಬರುತ್ತದೆ. ಕಸಿ ಫೇಲಾಯಿತು ಎಂದು ನಂಬಿ ಮುಖ ತಿರುಗಿಸಿ ಮಲಗುವವರು ಈ ಹೊತ್ತಿನಲ್ಲೇ ಇರುತ್ತಾರೆ. ಮೊದಲ ದಿನವೇ ಗೋಡೆಯ ಕ್ಯಾಲೆಂಡರ್ ಮೇಲೆ ಗುರುತು ಹಾಕಿಕೊಡಬೇಕು: ಇಲ್ಲಿಂದ ಇಲ್ಲಿಯವರೆಗೆ ಇಳಿಯುತ್ತೆ, ಇದು ಲೆಕ್ಕದೊಳಗೇ ಇದೆ, ಸಾಮಾನ್ಯವಾಗಿ ಎರಡರಿಂದ ನಾಲ್ಕು ವಾರದ ಮಧ್ಯೆ ಏರಲು ಶುರು, ನ್ಯೂಟ್ರೊಫಿಲ್ ಎಂಬ ಬಿಳಿ ರಕ್ತಕಣ 500ರ ಮೇಲೆ ಸತತ ಮೂರು ದಿನ ನಿಂತರೆ ಬೇರು ಹಿಡಿಯಿತು ಎಂದರ್ಥ. ಒಂದು ನಿರ್ದಿಷ್ಟ ದಿನವನ್ನು ಮಾತ್ರ ಯಾವತ್ತೂ ಹೇಳಬಾರದು. ಹದಿನಾಲ್ಕನೇ ದಿನಕ್ಕೆ ಎಂದು ಹೇಳಿ ಹದಿನೇಳಾದರೆ ಆ ಮೂರು ದಿನ ನರಕ.

ಸ್ವಂತ ಜೀವಕೋಶವನ್ನು ಫ್ರೀಜ್ ಮಾಡಿ ಕೊಡುವುದಾದರೆ ಇನ್ನೊಂದು ಸಂಗತಿ ಹೇಳಿರಬೇಕು. ಅದಕ್ಕೆ ಬೆರೆಸುವ ಡಿಎಂಎಸ್‌ಒ ಎಂಬ ರಾಸಾಯನಿಕ ಬೆಳ್ಳುಳ್ಳಿಯಂಥ ವಾಸನೆ ಹೊಡೆಯುತ್ತದೆ, ಉಸಿರಿನಲ್ಲೂ ಬೆವರಿನಲ್ಲೂ ಒಂದೆರಡು ದಿನ ಇರುತ್ತದೆ. ಹೇಳದಿದ್ದರೆ ಮೈ ಕೊಳೆಯುತ್ತಿದೆ ಎಂದುಕೊಂಡವರಿದ್ದಾರೆ. ಮೈಲೋಮಾ ಎಂಬ ರಕ್ತದ ಕ್ಯಾನ್ಸರಿಗೆ ನಮ್ಮ ದೇಶದ ಹಲವು ಕೇಂದ್ರಗಳಲ್ಲಿ ಫ್ರೀಜ್ ಮಾಡದೆ 4 ಡಿಗ್ರಿಯಲ್ಲಿ ಒಂದೆರಡು ದಿನ ಇಟ್ಟು ಕೊಡುತ್ತಾರೆ, ಅಲ್ಲಿ ಈ ವಾಸನೆಯಿಲ್ಲ. ಅದೇ ಮೈಲೋಮಾದವರಿಗೆ ಮೆಲ್ಫಲಾನ್ ಕೀಮೋ ಹರಿಯುವ ಸ್ವಲ್ಪ ಮುಂಚೆ ಶುರುಮಾಡಿ, ಹರಿಯುವಷ್ಟು ಹೊತ್ತೂ, ಆಮೇಲೆ ಅರ್ಧ ಗಂಟೆಯಾದರೂ ಬಾಯಲ್ಲಿ ಐಸ್ ಚೂರು ಇಟ್ಟುಕೊಳ್ಳಲು ಹೇಳಬೇಕು. ರಕ್ತನಾಳ ಕುಗ್ಗಿ ಬಾಯಿಗೆ ತಲುಪುವ ಔಷಧಿ ಕಡಿಮೆಯಾಗುತ್ತದೆ, ಹುಣ್ಣು ಕಡಿಮೆಯಾಗುತ್ತದೆ. ಖರ್ಚು ಏನೂ ಇಲ್ಲದ ಈ ಕೆಲಸ ತಪ್ಪುವುದು, ಐಸ್ ತರುವುದು ಯಾರ ಜವಾಬ್ದಾರಿ ಎಂದು ಬರೆದಿರದ ಕಡೆ.

ಎಂಟನೇ ರಾತ್ರಿ, ಒಂಬತ್ತನೇ ರಾತ್ರಿ

ಬಾಯಿಹುಣ್ಣು ಗಂಟಲವರೆಗೆ ಇಳಿದಾಗ ಉಗುಳು ನುಂಗುವುದೂ ಆಗುವುದಿಲ್ಲ, ಮಾತಂತೂ ದೂರ. ಕುದಿಸಿ ಆರಿಸಿದ ಒಂದು ಲೋಟ ನೀರಿಗೆ ಕಾಲು ಚಮಚ ಉಪ್ಪು, ಕಾಲು ಚಮಚ ಅಡುಗೆ ಸೋಡಾ ಹಾಕಿ ನಾಲ್ಕು ಗಂಟೆಗೊಮ್ಮೆ ಮುಕ್ಕಳಿಸುವುದು ಬಾಯಿ ಶುದ್ಧವಾಗಿಡುತ್ತದೆ. ಈ ಮಟ್ಟದ ನೋವಿಗೆ ಮಾತ್ರ ಮಾರ್ಫಿನ್ನೇ ಬೇಕು. ಚಟವಾಗುತ್ತದೆ ಎಂದು ಹೆದರಿ ಬೇಡ ಅನ್ನುವವರಿಗೆ, ಹುಣ್ಣು ಮಾಯ್ದಂತೆ ಕೆಲವೇ ದಿನಗಳಲ್ಲಿ ಇಳಿಸಿ ನಿಲ್ಲಿಸುತ್ತಾರೆ ಎಂದು ಹೇಳಬೇಕು. ಮಾತಾಡಲಾಗದವರಿಗೆ ಒಂದು ಸ್ಲೇಟು, ಅಥವಾ ‘ನೋವು, ವಾಂತಿ, ನೀರು, ಭಯ, ಲೈಟ್ ಆರಿಸಿ’ ಎಂದು ದಪ್ಪ ಕನ್ನಡ ಅಕ್ಷರದಲ್ಲಿ ಬರೆದ ಪ್ಲಾಸ್ಟಿಕ್ ಕಾರ್ಡು ಕೊಡಬೇಕು. ಅದರಲ್ಲಿ ‘ಭಯ’ ಇರಲೇಬೇಕು. ಪಟ್ಟಿಯಲ್ಲಿದ್ದರೆ ಬೆರಳು ಅಲ್ಲಿಗೆ ಹೋಗುತ್ತದೆ.

ಈ ದಿನಗಳಲ್ಲೇ ರೋಗಿ ಮಂಕಾಗುತ್ತಾರೆ. ಅಟೆಂಡರ್ ‘ಡಿಪ್ರೆಷನ್ ಆಗಿದೆ, ಮಾತಾಡ್ಸಿ’ ಅನ್ನುತ್ತಾರೆ. ಇರಬಹುದು. ಆದರೆ ಮೊದಲು ನೋಡಬೇಕಾದ್ದು ಡೆಲಿರಿಯಮ್, ಅಂದರೆ ಔಷಧಿಯಿಂದಲೋ ಸೋಂಕಿನಿಂದಲೋ ಬುದ್ಧಿಗೆ ಹಠಾತ್ತಾಗಿ ಕವಿಯುವ ಗೊಂದಲ. ಕಸಿಯ ಮೊದಲ ತಿಂಗಳಲ್ಲಿ ಅರ್ಧದಷ್ಟು ಜನರಿಗೆ ಅದು ಬಂದದ್ದನ್ನು ದಾಖಲಿಸಿದ ಅಧ್ಯಯನವಿದೆ. ಕೂಗಾಡುವ, ಲೈನ್ ಕೀಳುವ ಡೆಲಿರಿಯಮ್ ಎಲ್ಲರ ಕಣ್ಣಿಗೆ ಬೀಳುತ್ತದೆ, ಸುಮ್ಮನೆ ಮಲಗಿರುವ ಡೆಲಿರಿಯಮ್ ಯಾರಿಗೂ ಕಾಣುವುದಿಲ್ಲ. ಪರೀಕ್ಷೆ ಸುಲಭ: ಶನಿವಾರದಿಂದ ಹಿಂದಕ್ಕೆ ವಾರಗಳ ಹೆಸರು ಹೇಳಿಸುವುದು. ಮಾತು ಬಾರದಿದ್ದರೆ ನಿಧಾನಕ್ಕೆ ಹತ್ತು ಅಕ್ಷರ ಹೇಳುತ್ತಾ ‘ಕ’ ಬಂದಾಗಲೆಲ್ಲ ಕೈ ಒತ್ತಿ ಅನ್ನುವುದು. ಖಿನ್ನತೆಯಲ್ಲಿರುವವರು ನಿಧಾನವಾಗಿಯಾದರೂ ಸರಿ ಹೇಳುತ್ತಾರೆ. ಡೆಲಿರಿಯಮ್ ಇದ್ದರೆ ಗುರುವಾರಕ್ಕೆ ದಾರಿ ತಪ್ಪುತ್ತದೆ, ಬೆಳಿಗ್ಗೆ ಸರಿ ಇದ್ದವರು ಸಂಜೆ ತಪ್ಪುತ್ತಾರೆ.

ಆಮೇಲೆ ಔಷಧಿ ಚಾರ್ಟ್ ತೆರೆದು ಕೂರಬೇಕು. ಮಾರ್ಫಿನ್ ಡೋಸ್ ಏರಿತೇ, ವಾಂತಿಗೆಂದು ಲೊರಾಜೆಪಾಮ್ ಸೇರಿತೇ, ಕಿಡ್ನಿ ಕುಂದಿರುವಾಗ ಸೆಫೆಪಿಮ್ ಪೂರ್ತಿ ಡೋಸಿನಲ್ಲಿ ಹೋಗುತ್ತಿದೆಯೇ, ಮೆಗ್ನೀಷಿಯಮ್ ಇಳಿದಿದೆಯೇ, ಹೊಸ ಸೋಂಕು ಇದೆಯೇ. ಗೋಡೆ ಮೇಲೆ ಆಕಾರ ಕಾಣುತ್ತಿವೆ, ಬಣ್ಣಗಳು ಬದಲಾಗಿವೆ ಅಂದರೆ ಫಂಗಸ್ ಔಷಧಿ ವೊರಿಕೊನಜೋಲ್ ಶುರುವಾದ ದಿನಾಂಕ ನೋಡಬೇಕು. ಆ ಔಷಧಿ ಇದನ್ನು ಮಾಡುತ್ತದೆಂದು ತಿಳಿದರೆ, ತನಗೆ ಹುಚ್ಚು ಹಿಡಿಯುತ್ತಿದೆ ಎಂಬ ಭಯ ಅರ್ಧ ಇಳಿಯುತ್ತದೆ. ಬಿಪಿ ಏರಿ, ತಲೆನೋವು, ಕಣ್ಣು ಮಂಜು, ಗೊಂದಲ ಒಟ್ಟಿಗೆ ಬಂದರೆ ಅದು ಟ್ಯಾಕ್ರೊಲಿಮಸ್ ಅಥವಾ ಸೈಕ್ಲೊಸ್ಪೊರಿನ್ ಮೆದುಳಿಗೆ ಕೊಡುವ ಪೆಟ್ಟಾಗಿರಬಹುದು. ಅಲ್ಲಿ ಸಮಾಧಾನ ಹೇಳುತ್ತಾ ಕೂರುವಂತಿಲ್ಲ, ಆ ಕ್ಷಣವೇ ಡಾಕ್ಟರನ್ನು ಕರೆಯಬೇಕು.

ಔಷಧಿಗಿಂತ ಮೊದಲು ಮಾಡುವುದು ಬೇಕಾದಷ್ಟಿದೆ. ಕನ್ನಡಕ, ಕಿವಿಯ ಮಿಷನ್ ಕೈಗೆ ಸಿಗುವಂತಿರಬೇಕು. ದೊಡ್ಡ ಅಂಕಿಯ ಗಡಿಯಾರ ಕಣ್ಣೆದುರಿಗಿರಬೇಕು. ಹಗಲು ಕಿಟಕಿಯ ಪರದೆ ತೆರೆದಿರಬೇಕು. ರಾತ್ರಿ ಹತ್ತರಿಂದ ನಾಲ್ಕರವರೆಗೆ ತೀರಾ ಅಗತ್ಯವಿಲ್ಲದ ಯಾವುದಕ್ಕೂ ಎಬ್ಬಿಸಬಾರದು. ಬಿಪಿ, ಔಷಧಿ, ತೂಕ ಎಲ್ಲವನ್ನೂ ಒಟ್ಟಿಗೆ ಮುಗಿಸಬೇಕು. ಪಂಪಿನ ಅಲಾರಾಂ ಹೊಡೆದರೆ ಏನರ್ಥ ಎಂದು ಮೊದಲ ದಿನವೇ ತೋರಿಸಿದರೆ ಪ್ರತಿ ಬೀಪಿಗೂ ಎದೆ ಹೊಡೆದುಕೊಳ್ಳುವುದು ತಪ್ಪುತ್ತದೆ.

ನಿಜಕ್ಕೂ ಖಿನ್ನತೆಯೇ ಎಂದು ತಿಳಿಯಲು ಹಸಿವು, ಸುಸ್ತು, ನಿದ್ದೆಯನ್ನು ನಂಬುವಂತಿಲ್ಲ, ಅವೆಲ್ಲ ಕೀಮೋದಿಂದಲೂ ಬರುತ್ತವೆ. ಮಗಳ ವಿಡಿಯೊ ಕಾಲ್ ಬಂದರೂ ಬೇಡ ಅನ್ನುವುದು, ‘ನನ್ನಿಂದ ಎಲ್ಲರಿಗೂ ಭಾರ’ ಎಂಬ ಮಾತು, ಸತ್ತರೆ ವಾಸಿ ಎಂಬ ಯೋಚನೆ ಇವೇ ಗುರುತು. ನೇರ ಕೇಳಬೇಕು, ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಔಷಧಿ ಬೇಕಾದರೆ ಮಿರ್ಟಜಪಿನ್ ಅನೇಕರಿಗೆ ಒಗ್ಗುತ್ತದೆ, ನಿದ್ದೆಯೂ ಬರುತ್ತದೆ, ವಾಕರಿಕೆ ಇಳಿದು ಹಸಿವೂ ಆಗುತ್ತದೆ. ಪ್ಲೇಟ್‌ಲೆಟ್ ಕಡಿಮೆ ಇರುವಾಗ ಸರ್ಟ್ರಲಿನ್ ಗುಂಪಿನವು ರಕ್ತಸ್ರಾವದ ಅಪಾಯ ಹೆಚ್ಚಿಸಬಹುದೆಂದು ಮನೋವೈದ್ಯರು ಯೋಚಿಸಿ ಕೊಡುತ್ತಾರೆ.

ಮೊಸರನ್ನ, ಹೂವು, ಭಸ್ಮ

ನಾಲಿಗೆಗೆ ರುಚಿಯಿಲ್ಲದ, ಬಾಯಿ ಉರಿಯುವ ಹೊತ್ತಿನಲ್ಲಿ ನಮ್ಮವರಿಗೆ ಬೇಕೆನಿಸುವುದು ಮೊಸರನ್ನ. ಅದೇ ಹೆಚ್ಚಿನ ವಾರ್ಡುಗಳಲ್ಲಿ ನಿಷಿದ್ಧ. ಇಟಲಿಯಲ್ಲಿ ನಡೆದ, 2023ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಕಟ್ಟುನಿಟ್ಟಿನ ಪಥ್ಯದಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಆದರೆ ಅಲ್ಲಿನ ನೀರು, ಅಲ್ಲಿನ ಅಡುಗೆಮನೆ ಬೇರೆ, ನಮ್ಮ ಕೇಂದ್ರಗಳು ಎಚ್ಚರ ವಹಿಸುವುದು ಅರ್ಥವಾಗುವ ಮಾತು. ನನ್ನ ಅಭಿಪ್ರಾಯದಲ್ಲಿ ತಪ್ಪಿರುವುದು, ‘ಇಲ್ಲ’ಗಳ ಪಟ್ಟಿ ಮಾತ್ರ ಕೊಟ್ಟು ‘ಹೌದು’ಗಳ ಪಟ್ಟಿ ಕೊಡದಿರುವುದು. ಹುದುಗಿಸಿದ್ದಾದರೂ ಬೆಂದಿರುವ ಬಿಸಿ ಇಡ್ಲಿ ಆಗುತ್ತದೆ. ಕುಕ್ಕರಿನಲ್ಲಿ ಮೆತ್ತಗೆ ಬೆಂದ ಅನ್ನಕ್ಕೆ ಕುದಿಸಿದ ಹಾಲು, ಉಪ್ಪು ಆಗುತ್ತದೆ. ತೆಳ್ಳಗಿನ ರಾಗಿ ಗಂಜಿ ಆರಿಸಿ ಕೊಟ್ಟರೆ ಹುಣ್ಣಿಗೆ ತಾಕುವುದಿಲ್ಲ. ಮೇಲೆ ಹಸಿ ಕೊತ್ತಂಬರಿ, ಹಸಿ ಕಾಯಿ ಚಟ್ನಿ ಬೇಡ. ತಿನ್ನಲಿಲ್ಲ ಎಂದು ತಾಯಿ ಬೇಸರಪಟ್ಟುಕೊಳ್ಳುವುದು, ಅದಕ್ಕೆ ಮಗ ಬಲವಂತವಾಗಿ ತಿಂದು ವಾಂತಿ ಮಾಡುವುದು ದಿನಾ ನಡೆಯುತ್ತದೆ. ಈ ಹತ್ತು ದಿನ ಊಟದ ಹೊಣೆ ಡಯಟೀಷಿಯನ್ನದು, ಬೇಕಾದರೆ ಟ್ಯೂಬಿನಲ್ಲೋ ಡ್ರಿಪ್ಪಿನಲ್ಲೋ ಕೊಡುತ್ತಾರೆ ಎಂದು ತಾಯಿಗೆ ಬಿಡಿಸಿ ಹೇಳಿದರೆ ಇಬ್ಬರಿಗೂ ನೆಮ್ಮದಿ.

ಹೂವಿನ ಪ್ರಸಾದ, ಕುಂಕುಮ, ಭಸ್ಮ, ತೀರ್ಥ ಒಳಗೆ ಬಿಡುವುದಿಲ್ಲ. ಅವುಗಳಲ್ಲಿ ಫಂಗಸ್, ಬ್ಯಾಕ್ಟೀರಿಯಾ ಇರುತ್ತವೆ. ಬಾಗಿಲಲ್ಲೇ ಕಸಿದುಕೊಂಡರೆ ಅದು ಅಪಶಕುನವಾಗಿ ಉಳಿಯುತ್ತದೆ. ಲ್ಯಾಮಿನೇಟ್ ಮಾಡಿಸಿ ಸ್ಪಿರಿಟ್ಟಿನಲ್ಲಿ ಒರೆಸಿದ ದೇವರ ಪಟ, ಫೋನಿನಲ್ಲಿ ವಚನವೋ ಸುಪ್ರಭಾತವೋ ಕುರಾನ್ ಪಠಣವೋ ಆಗುತ್ತದೆ ಎಂದು ಮೊದಲೇ ಹೇಳಿದರೆ ಜಗಳವಿಲ್ಲ. ಅಟೆಂಡರ್‌ಗೂ ಒಂದು ಮಾತು: ತಮ್ಮ ಬಿಪಿ, ಶುಗರ್ ಮಾತ್ರೆ ಒಂದೂವರೆ ತಿಂಗಳಿಗಾಗುವಷ್ಟು ತರಬೇಕು. ನೆಗಡಿ ಬಂದರೆ ಕೂಡಲೇ ಹೊರಗೆ ಹೋಗಬೇಕಾಗುತ್ತದೆ. ಅದಕ್ಕೆ ಎರಡನೆಯವರು ಮೊದಲೇ ತಯಾರಿರಬೇಕು.

ಕೊಟ್ಟವರ ಮನಸ್ಸು

ಒಡಹುಟ್ಟಿದವರೊಬ್ಬರು ದಾನಿಯಾಗಿ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಹೊಂದಿದ ತಂಗಿಗೆ ಆ ಕ್ಷಣದಿಂದ ಆಯ್ಕೆಯೇ ಇಲ್ಲವಾಗುತ್ತದೆ. ಅವಳನ್ನು ರೋಗಿಯ ಡಾಕ್ಟರಲ್ಲದೆ ಬೇರೆಯವರು, ಅಣ್ಣ, ಅಪ್ಪ, ಗಂಡ ಯಾರೂ ಇಲ್ಲದ ಕೋಣೆಯಲ್ಲಿ ಕೂರಿಸಿ ಮಾತಾಡಬೇಕು. ಬೆನ್ನುಮೂಳೆಯಿಂದ ತೆಗೆಯುತ್ತಾರೆ, ಮುಂದೆ ಬಸಿರಾಗುವುದಿಲ್ಲ ಎಂದೆಲ್ಲ ಅತ್ತೆಮನೆಯಲ್ಲಿ ಹೆದರಿಸಿರುತ್ತಾರೆ. ಈಗ ಹೆಚ್ಚಾಗಿ ಮಾಡುವುದು, ನಾಲ್ಕೈದು ದಿನ, ಮ್ಯಾರೋದ ಜೀವಕೋಶಗಳನ್ನು ರಕ್ತಕ್ಕೆ ಇಳಿಸುವ ಜಿ-ಸಿಎಸ್‌ಎಫ್ ಇಂಜೆಕ್ಷನ್ ಕೊಟ್ಟು ಕೈಯ ರಕ್ತದಿಂದ ಮಿಷನ್ನಿನಲ್ಲಿ ನಾಲ್ಕೈದು ಗಂಟೆ ಜೀವಕೋಶ ಬೇರ್ಪಡಿಸುವುದು. ಸೊಂಟ, ಮೂಳೆ ನೋಯುತ್ತದೆ, ಪ್ಯಾರಾಸಿಟಮಾಲ್‌ಗೆ ಬಗ್ಗುತ್ತದೆ. ತುಟಿ ಜುಮ್ಮೆಂದರೆ ಕ್ಯಾಲ್ಸಿಯಂ ಕೊಡುತ್ತಾರೆ. ಮ್ಯಾರೋವನ್ನೇ ತೆಗೆಯುವುದಾದರೂ ಅರಿವಳಿಕೆ ಕೊಟ್ಟು ಸೊಂಟದ ಹಿಂಭಾಗದ ಮೂಳೆಯಿಂದ, ಬೆನ್ನುಹುರಿಗೆ ಸಂಬಂಧವೇ ಇಲ್ಲ. ಅವಳು ಒಲ್ಲೆ ಅಂದರೆ ಮನೆಯವರಿಗೆ ‘ಈ ದಾನಿ ಆಗುವುದಿಲ್ಲ’ ಎಂದಷ್ಟೇ ಹೇಳಿ ಅವಳನ್ನು ಕಾಯಬೇಕು. ಒಂದು ಮಾತು ಮಾತ್ರ ಅವಳಿಗೆ ಸ್ಪಷ್ಟವಿರಬೇಕು: ಅಣ್ಣನಿಗೆ ಕೀಮೋ ಶುರುವಾದ ಮೇಲೆ ಹಿಂದೆ ಸರಿದರೆ ಅವನ ಜೀವಕ್ಕೇ ಅಪಾಯ. ಹಿಂಜರಿಕೆಯಿದ್ದರೆ ಅದಕ್ಕೆ ಮುಂಚೆಯೇ ಹೇಳಬೇಕು.

ಆಮೇಲೆ ಅಣ್ಣನಿಗೆ ಜಿವಿಹೆಚ್‌ಡಿ (ದಾನಿಯ ಜೀವಕೋಶಗಳು ರೋಗಿಯ ಮೈಯ ಮೇಲೆಯೇ ತಿರುಗಿ ಬೀಳುವುದು) ಬಂದು ಅಂಗೈ ಕೆಂಪಾಗಿ, ಭೇದಿ ನಿಲ್ಲದಿದ್ದಾಗ ಅವಳು ‘ನನ್ನ ರಕ್ತವೇ ಅಣ್ಣನ್ನ ತಿಂತಿದೆ’ ಎಂದು ಕೊರಗುತ್ತಾಳೆ. ಅಷ್ಟು ಹೊತ್ತಿಗೆ ಅವಳನ್ನು ಯಾರೂ ವಿಚಾರಿಸುತ್ತಿರುವುದಿಲ್ಲ. ಕಸಿಯಾದ ತಿಂಗಳಿಗೆ, ನೂರು ದಿನಕ್ಕೆ, ವರ್ಷಕ್ಕೆ ದಾನಿಗೊಂದು ಫೋನ್ ಹೋಗಬೇಕು. ರೋಗಿ ಉಳಿಯದಿದ್ದರೆ ಖಂಡಿತ ಹೋಗಬೇಕು. ಆಕೆಯ ಜೀವಕೋಶ ಒಳ್ಳೆಯದೋ ಕೆಟ್ಟದ್ದೋ ಎಂಬುದು ಇಲ್ಲಿನ ಪ್ರಶ್ನೆಯೇ ಅಲ್ಲ, ಅವು ಹೊಸ ಮೈಯನ್ನು ಪರಕೀಯವೆಂದು ಗುರುತಿಸುತ್ತಿವೆ. ಅದೇ ಗುಣ ಉಳಿದಿದ್ದ ಲ್ಯುಕೇಮಿಯಾ ಕಣಗಳನ್ನೂ ಹುಡುಕಿ ಕೊಲ್ಲುತ್ತದೆ ಎಂದು ಮತ್ತೆ ಮತ್ತೆ ಹೇಳಬೇಕಾಗುತ್ತದೆ. ಅಣ್ಣನ ಬ್ಲಡ್ ಗ್ರೂಪ್ ತಿಂಗಳುಗಳು ಕಳೆದಂತೆ ತಂಗಿಯದ್ದಾಗಬಹುದು, ರಕ್ತದ ಡಿಎನ್‌ಎ ಪರೀಕ್ಷೆಯೂ ಅವಳದ್ದನ್ನೇ ತೋರಿಸುತ್ತದೆ. ಸ್ವಭಾವ ಬರುವುದಿಲ್ಲ, ಗೋತ್ರವೂ ಬದಲಾಗುವುದಿಲ್ಲ. ಕೇಳಲು ಸಂಕೋಚಪಡುವವರಿಗೆ ಕೇಳದೆಯೇ ಹೇಳಬೇಕು.

ಮನೆಗೆ ಹೋದ ಮೇಲೆ

ಡಿಸ್ಚಾರ್ಜ್ ಆದ ದಿನ ಎಲ್ಲರೂ ಸಿಹಿ ಹಂಚುತ್ತಾರೆ, ರೋಗಿಗೆ ಒಳಗೊಳಗೇ ಭಯ. ಬಟನ್ ಒತ್ತಿದರೆ ನರ್ಸ್ ಬರುತ್ತಿದ್ದ ಜಾಗ ಬಿಟ್ಟು, ಆಸ್ಪತ್ರೆಗೆ ಹತ್ತಿರದ ಬಾಡಿಗೆ ಕೋಣೆಯಲ್ಲಿ ಸುಮಾರು ನೂರು ದಿನ ಕಳೆಯಬೇಕು. 100.4 ಡಿಗ್ರಿ ಜ್ವರ ಬಂದರೆ ಬೆಳಗಾಗಲಿ ಎಂದು ಕಾಯದೆ ಹೊರಡಬೇಕು ಎಂಬ ಒಂದು ಸಾಲು, ಯಾವ ನಂಬರಿಗೆ ಫೋನ್, ಯಾವ ಗೇಟಿಗೆ ಬರಬೇಕು ಎಂಬುದು ಕಾಗದದ ಮೇಲಿದ್ದರೆ ಭಯಕ್ಕೆ ಒಂದು ಮಿತಿ ಬರುತ್ತದೆ. ಟ್ಯಾಕ್ರೊಲಿಮಸ್ ಮಟ್ಟ ನೋಡುವ ದಿನ ಬೆಳಗಿನ ಮಾತ್ರೆ ಬ್ಯಾಗಿನಲ್ಲಿರಬೇಕು, ರಕ್ತ ಕೊಟ್ಟ ಮೇಲೆ ನುಂಗಬೇಕು. ಮೊದಲೇ ನುಂಗಿದರೆ ಮಟ್ಟ ಸುಳ್ಳೇ ಹೆಚ್ಚು ಕಾಣುತ್ತದೆ. ನಮ್ಮ ದೇವನಹಳ್ಳಿಯ ಚಕ್ಕೋತ ಈ ಮಾತ್ರೆ ನಿಲ್ಲುವವರೆಗೆ ಬೇಡ, ಅದು ಔಷಧಿಯ ಮಟ್ಟವನ್ನು ಏರಿಸಿ ಕೈ ನಡುಕ, ನಿದ್ದೆಗೇಡು ತರುತ್ತದೆ.

ಜಿವಿಹೆಚ್‌ಡಿಗೆ ಸ್ಟೀರಾಯ್ಡ್ ಶುರುವಾದರೆ ಮನೆಯವರನ್ನು ಮೊದಲೇ ಕೂರಿಸಿ ಹೇಳಬೇಕು: ರಾತ್ರಿ ಮೂರಕ್ಕೆ ಎದ್ದು ಕಪಾಟು ಜೋಡಿಸಬಹುದು, ಸಣ್ಣದಕ್ಕೂ ಸಿಟ್ಟಾಗಬಹುದು, ಕಾರಣವಿಲ್ಲದೆ ಅಳಬಹುದು, ಇದು ಮಾತ್ರೆಯ ಕೆಲಸ. ಡೋಸನ್ನು ಬೆಳಿಗ್ಗೆಯೇ ಮುಗಿಸಿದರೆ ನಿದ್ದೆ ಸ್ವಲ್ಪ ಉಳಿಯುತ್ತದೆ. ಸಿಟ್ಟು ಬಂತೆಂದು ತಾವಾಗಿ ನಿಲ್ಲಿಸುವಂತಿಲ್ಲ. ತೊಡೆಯ ಸ್ನಾಯು ಕರಗಿ ನೆಲದಿಂದ ಏಳಲಾಗುವುದಿಲ್ಲ. ಮನೆಯಲ್ಲಿ ಇಂಡಿಯನ್ ಟಾಯ್ಲೆಟ್ ಇದ್ದರೆ ಕಮೋಡ್ ಕುರ್ಚಿ ಮೊದಲೇ ಬೇಕು. ಹೆಂಡತಿಯ ಕೈ ಹಿಡಿದು ಏಳಬೇಕಾದ ಅವಮಾನ ಎಷ್ಟೋ ಗಂಡಸರನ್ನು ಊಟ ನೀರು ಕಡಿಮೆ ಮಾಡುವಷ್ಟಕ್ಕೆ ಒಯ್ಯುತ್ತದೆ.

ರೈತರಿಗೆ ಇನ್ನೊಂದು ಏಟು. ಮಣ್ಣು, ಕೊಟ್ಟಿಗೆ, ಒಣಹುಲ್ಲು, ಗೊಬ್ಬರ ಎಲ್ಲದರಲ್ಲೂ ಫಂಗಸ್ ಬೀಜಾಣು ಇರುವುದರಿಂದ, ರೋಗನಿರೋಧಕ ಶಕ್ತಿ ಕುಗ್ಗಿಸುವ ಮಾತ್ರೆ ನಿಲ್ಲುವವರೆಗೆ ಹೊಲಕ್ಕೆ ಹೋಗುವಂತಿಲ್ಲ. ವರ್ಷವಿಡೀ ಜಗುಲಿಯಲ್ಲಿ ಕೂತವರಿಗೆ ಮನೆಯಲ್ಲಿ ತಮ್ಮ ಮಾತಿಗೆ ಬೆಲೆ ಹೋಯಿತು ಅನ್ನಿಸುತ್ತದೆ. ಡೇರಿಯ ಹಾಲಿನ ಲೆಕ್ಕ, ಎಪಿಎಂಸಿ ದರ ವಿಚಾರಿಸುವುದು, ಆಳುಗಳ ಕೂಲಿಯ ಪುಸ್ತಕ ಅವರ ಕೈಗೇ ಬಿಡುವಂತೆ ಡಿಸ್ಚಾರ್ಜ್ ಮಾತುಕತೆಯಲ್ಲಿ ಮನೆಯವರನ್ನು ಒಪ್ಪಿಸಬಹುದು. ಔಷಧಿಯಂತೆಯೇ ಇದನ್ನೂ ಕಾಗದದಲ್ಲಿ ಬರೆದುಕೊಟ್ಟರೆ ಮನೆಯವರು ಪಾಲಿಸುತ್ತಾರೆ. ಬೆಂಗಳೂರಿನಿಂದ ದೂರವಿರುವವರು ಮನಸ್ಸಿನ ತೊಂದರೆಗೆ ಕನ್ನಡದಲ್ಲೇ ಮಾತಾಡಲು ಟೆಲಿ-ಮಾನಸ್‌ನ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು. ಮಾಡುವಾಗ ಕಸಿಯಾಗಿದೆ, ಇಂತಿಂಥ ಮಾತ್ರೆ ನಡೆಯುತ್ತಿವೆ ಎಂದು ಮೊದಲು ಹೇಳಬೇಕು.

ಆರು ತಿಂಗಳು, ವರ್ಷದ ಓಪಿಡಿ ಭೇಟಿಗಳಲ್ಲಿ ಕೌಂಟ್ ಚೆನ್ನಾಗಿದ್ದರೆ ಎರಡೇ ನಿಮಿಷಕ್ಕೆ ಮಾತು ಮುಗಿಯುತ್ತದೆ. ಮೂವತ್ತರ ಹೆಂಗಸಿಗೆ ಮುಟ್ಟು ನಿಂತು ಮೈ ಬಿಸಿಯೇರುತ್ತಿರುತ್ತದೆ, ಒಣಗಿದ ಯೋನಿಯಿಂದ ಗಂಡನ ಜೊತೆ ಮಲಗುವುದು ನರಕವಾಗಿರುತ್ತದೆ, ಅದು ಅಲ್ಲಿಗೆ ಬಂದ ಜಿವಿಹೆಚ್‌ಡಿಯೂ ಆಗಿರಬಹುದು. ಕೋಣೆಯಲ್ಲಿ ಅತ್ತೆ, ಇಬ್ಬರು ಜೂನಿಯರ್ ಡಾಕ್ಟರು, ಮುಂದಿನ ಪೇಷೆಂಟು ಎಲ್ಲ ಇರುವಾಗ ಅವಳು ‘ಚೆನ್ನಾಗಿದ್ದೀನಿ’ ಅನ್ನುತ್ತಾಳೆ. ಒಳಗೆ ಬರುವ ಮುಂಚೆ ಹತ್ತು ವಿಷಯಗಳ ಒಂದು ಕನ್ನಡ ಚೀಟಿ ಕೊಟ್ಟು ಟಿಕ್ ಹಾಕಿಸಬೇಕು: ನಿದ್ದೆ, ದುಃಖ, ಸಿಟ್ಟು, ಮರೆವು, ಗಂಡ ಹೆಂಡತಿಯ ಸಂಬಂಧ, ಮುಟ್ಟು, ಸಾಲ, ಕೆಲಸ, ಮತ್ತೆ ಬರುತ್ತದೆಂಬ ಭಯ, ಬೇರೆ. ಓದಲು ಬಾರದವರಿಗೆ ನರ್ಸ್ ಪಕ್ಕದ ಕೋಣೆಯಲ್ಲಿ ಓದಿ ಹೇಳಬೇಕು. ಟಿಕ್ ಬಿದ್ದ ಚೀಟಿ ಬ್ಲಡ್ ರಿಪೋರ್ಟಿನ ಮೇಲೆಯೇ ಪಿನ್ ಆಗಿ ಡಾಕ್ಟರ ಮೇಜಿಗೆ ಹೋಗಬೇಕು, ಅತ್ತೆಯನ್ನು ಔಷಧಿ ತರಲು ಫಾರ್ಮಸಿಗೆ ಕಳಿಸಿದ ಮೇಲೆ ಅವಳನ್ನು ಕರೆಯಬೇಕು.